ಮಂಗ ಕಾಯುವುದಿಲ್ಲ: ಮಲೆನಾಡಿನಲ್ಲಿ ಪೆಂಟೆಲ್ ಪಾಕೆಟ್ ಬ್ರಶ್ ಪೆನ್

ಮುಳ್ಳಯ್ಯನಗಿರಿ ದಾರಿಯಲ್ಲಿ ಗಾಡಿ ನಿಲ್ಲಿಸುವ ಜಾಗ. ಬೈಕಿನ ಸೀಟಿನ ಮೇಲೆ ಮಂಗ ಬಂದು ಕೂರುತ್ತದೆ, ಕನ್ನಡಿಯೊಳಗೆ ಇಣುಕುತ್ತದೆ. ಒಳಗೆ ಕಂಡ ಇನ್ನೊಂದು ಮಂಗ ಎಲ್ಲಿ ಅಡಗಿದೆ ಅಂತ ಒಂದು ಕೈ ಕನ್ನಡಿಯ ಹಿಂದೆ ತಡಕುತ್ತಿದ್ದರೆ, ಇನ್ನೊಂದು ಕೈ ಆಗಲೇ ಬ್ಯಾಗಿನ ಜಿಪ್ಪಿನ ಮೇಲಿರುತ್ತದೆ. ಬಾಲ ಸೈಲೆನ್ಸರ್‌ವರೆಗೆ ನೇತಾಡುತ್ತಿರುತ್ತದೆ. ಇಷ್ಟೂ ನಡೆಯುವುದು ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ. ಯಾರೋ 'ಹೇಯ್' ಅಂದರೆ ಮುಗಿಯಿತು.

ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ನಗೆಯ ಸರಕು ಸಿಗುವುದಿಲ್ಲ. ಆದರೆ ಪೆನ್ಸಿಲ್ ಬಾಕ್ಸ್ ತೆಗೆದು, ಮೊನೆ ನೋಡಿ, ರಬ್ಬರ್ ಹುಡುಕುವಷ್ಟರಲ್ಲಿ ಆ ಸರಕು ಮರದ ಮೇಲಿರುತ್ತದೆ. ಮೊಬೈಲಿನಲ್ಲಿ ಫೋಟೊ ಹಿಡಿದರೆ ಬೈಕು, ಹಿಂದಿನ ಕಾರು, ಜೋಳ ಸುಡುವವರ ಕೊಡೆ ಎಲ್ಲಕ್ಕೂ ಒಂದೇ ತೂಕ ಬರುತ್ತದೆ, ಎರಡು ಕೈ ಎರಡು ಕೆಲಸ ಮಾಡುತ್ತಿದ್ದ ಚಂದ ಅದರೊಳಗೆ ಕರಗಿಹೋಗುತ್ತದೆ. ಗೆರೆ ಆರಿಸಿಕೊಳ್ಳುತ್ತದೆ, ಬೇಡದ್ದನ್ನು ಬಿಡುತ್ತದೆ. ಹಾಗಾಗಿ ಜೇಬಿನಿಂದ ತೆಗೆದ ಕೂಡಲೇ ಗೆರೆ ಬೀಳುವ, ಒತ್ತಿದರೆ ದಪ್ಪ, ಸಡಿಲಿಸಿದರೆ ಕೂದಲೆಳೆಯಷ್ಟು ತೆಳು ಬರುವ ಸಾಧನ ಬೇಕು. ಈ ಕೆಲಸಕ್ಕೆ ಪೆಂಟೆಲ್ ಪಾಕೆಟ್ ಬ್ರಶ್ ಪೆನ್ನಿನಷ್ಟು ಒಗ್ಗುವ ಇನ್ನೊಂದು ಪೆನ್ ಇಲ್ಲ ಎಂದು ನೇರವಾಗಿಯೇ ಹೇಳಬಹುದು. ಆದರೆ ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಮಳೆ, ಥಂಡಿ, ಘಾಟಿಯ ಎತ್ತರ ಇವೆಲ್ಲ ಈ ಪೆನ್ನನ್ನು ಚೆನ್ನಾಗಿ ಕಾಡುತ್ತವೆ. ಅದನ್ನು ತಿಳಿದೇ ಕೊಳ್ಳಬೇಕು.

ಮೊದಲು ಹೆಸರಿನ ಗೊಂದಲ. ಪೆಂಟೆಲ್‌ನಲ್ಲಿ ಬ್ರಶ್ ಎಂಬ ಹೆಸರು ಹೊತ್ತ ಪೆನ್ನುಗಳು ಒಂದೆರಡಲ್ಲ. ಇಲ್ಲಿ ಹೇಳುತ್ತಿರುವುದು ಜಿಎಫ್‌ಕೆಪಿ ಎಂಬ ಗುರುತಿನದು. ಇದರ ತುದಿಯಲ್ಲಿ ನಿಜವಾದ ಕುಂಚದ ಹಾಗೆ ಬಿಡಿಬಿಡಿ ನೈಲಾನ್ ಕೂದಲುಗಳಿವೆ, ಒಳಗೆ ಎಫ್‌ಪಿ10 ಕಾರ್ಟ್ರಿಡ್ಜ್, ಅಂದರೆ ಶಾಯಿ ತುಂಬಿದ ಚಿಕ್ಕ ಕೊಳವೆ, ಅದರಲ್ಲಿ ನೀರಿನಲ್ಲಿ ಕರಗದ ಬಣ್ಣದ ಪುಡಿಯ ಪಿಗ್ಮೆಂಟ್ ಶಾಯಿ. ಒಣಗಿದ ಮೇಲೆ ನೀರು ತಾಗಿದರೂ ಕದಲುವುದಿಲ್ಲ. ಇದೇ ಕಂಪನಿಯ ಟಚ್ ಸೈನ್ ಪೆನ್ ನೋಡಲು ಚೆಂದ, ಬೆಲೆಯೂ ಕಡಿಮೆ. ಆದರೆ ಅದರ ತುದಿ ಸ್ಪಂಜಿನಂಥದ್ದು, ಶಾಯಿ ಡೈ ಜಾತಿಯದು, ಅಂದರೆ ಬಣ್ಣ ನೀರಿನಲ್ಲಿ ಕರಗಿರುವಂಥದ್ದು. ಮೇಲೆ ನೀರು ಹಾಯಿಸಿದರೆ ಮಂಗ ಕೆಸರಿನಲ್ಲಿ ಬಿದ್ದಂತಾಗುತ್ತದೆ. ಅಕ್ಷರ ಬರೆಯಲು ಅದು ಒಳ್ಳೆಯದು, ಬಣ್ಣ ಹಾಕುವ ಚಿತ್ರಕ್ಕಲ್ಲ.

ಕಾರ್ಟ್ರಿಡ್ಜ್ ಹಾಕುವುದು ಸುಲಭ. ಹಿಡಿಯನ್ನು ತಿರುಗಿಸಿ ಬಿಚ್ಚಿ, ಕಾರ್ಟ್ರಿಡ್ಜನ್ನು ಟಕ್ ಎನ್ನುವವರೆಗೆ ಒತ್ತಿ, ಕುಂಚ ಕೆಳಗೆ ಮಾಡಿ ಹಿಡಿಯಿರಿ. ಶಾಯಿ ತುದಿಗೆ ಇಳಿಯಲು ಕೆಲವು ನಿಮಿಷ ಬೇಕು. ಅವಸರವಿದ್ದರೆ ಕಾರ್ಟ್ರಿಡ್ಜನ್ನು ಎರಡು ಬೆರಳಲ್ಲಿ ಮೆಲ್ಲಗೆ ಒಮ್ಮೆ ಅದುಮಿ, ಅಷ್ಟೇ. ಜೋರಾಗಿ ಅದುಮಿದರೆ ಕೂದಲ ಬುಡದಲ್ಲಿ ದೊಡ್ಡ ಹನಿ ಕಟ್ಟಿಕೊಂಡು, ಮೊದಲ ಗೆರೆಗೇ ತೊಟ್ಟಿಕ್ಕುತ್ತದೆ. ಪೆನ್ನಿನ ಮೈ ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಎಷ್ಟು ಶಾಯಿ ಉಳಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬರೆಯುತ್ತ ಬರೆಯುತ್ತ ಗೆರೆಯ ನಡುವೆ ಬಿಳಿ ಎಳೆಗಳು ಬಿಡಲು ಶುರುವಾದರೆ ಬಿಚ್ಚಿ ನೋಡಬೇಕು. ಹೊರಡುವ ಮುಂಚೆ ನೋಡುವುದು ಇನ್ನೂ ಮೇಲು.

ಇನ್ನು ಗೆರೆಯ ವಿಷಯ. ಕೂತ ಮಂಗವನ್ನು ಈ ಪೆನ್ನಿನಲ್ಲಿ ಐದು ಗೆರೆಯಲ್ಲಿ ಹಿಡಿಯಬಹುದು, ಆದರೆ ಯಾವುದು ಮೊದಲು ಎಂಬುದು ಮುಖ್ಯ. ಮೊದಲ ಗೆರೆ ಬೆನ್ನಿನದು. ನೆತ್ತಿಯ ಹಿಂದಿನಿಂದ ಬಾಲದ ಬುಡದವರೆಗೆ ಒಂದೇ ಬಾಗು, ನಡುವೆ ಒತ್ತಿ, ಕೊನೆಗೆ ಸಡಿಲ. ಎರಡನೆಯದು ತಲೆ. ಕೂತ ಮಂಗಕ್ಕೆ ಕುತ್ತಿಗೆ ಕಾಣುವುದೇ ಇಲ್ಲ, ತಲೆ ಎರಡು ಭುಜದ ನಡುವೆ ಇಳಿದಿರುತ್ತದೆ. ಕುತ್ತಿಗೆ ಎಳೆದ ಕೂಡಲೇ ಅದು ಮಂಗದ ವೇಷ ಹಾಕಿದ ಮನುಷ್ಯರ ಮಗುವಾಗಿಬಿಡುತ್ತದೆ. ಹೊಸಬರು ಹೆಚ್ಚು ಸೋಲುವುದು ಇಲ್ಲೇ. ಮೂರನೆಯದು ಬಾಲ. ನಮ್ಮ ಟೊಪ್ಪಿಮಂಗದ ಬಾಲ ಮೈಯಷ್ಟೇ ಉದ್ದ, ಹಲವು ಸಲ ಅದಕ್ಕಿಂತ ಹೆಚ್ಚು. ಹಾಳೆಯಲ್ಲಿ ಜಾಗ ಸಾಲದೆಂದು ಮೋಟು ಮಾಡಬೇಡಿ, ನಗು ಅರ್ಧ ಹೋಗುತ್ತದೆ. ನಾಲ್ಕನೆಯದು ಕೈ ಮಾಡುತ್ತಿರುವ ಕೆಲಸ: ಪ್ಯಾಕೆಟ್ಟಿನ ಅಂಚು ಹಿಡಿದ ಬೆರಳು, ಕಡಲೆ ಸಿಪ್ಪೆ ಬಿಡಿಸುವ ಬೆರಳು. ಮುಖ, ಕಣ್ಣು ಕೊನೆಗೆ. ಅಷ್ಟರಲ್ಲಿ ಅದು ಓಡಿಹೋದರೂ ಚಿಂತೆಯಿಲ್ಲ, ಮುಖ ನೆನಪಿನಿಂದ ಬರುತ್ತದೆ, ಭಂಗಿ ಬರುವುದಿಲ್ಲ.

ಮುಖದಲ್ಲಿ ಎರಡು ಸಂಗತಿ ತಪ್ಪಬಾರದು. ನೆತ್ತಿಯ ನಡುವಿನಿಂದ ಸುತ್ತಲೂ ಹರಡಿದ ಕೂದಲ ಟೊಪ್ಪಿ ಒಂದು. ಅದಕ್ಕೆ ಕುಂಚ ಅರ್ಧ ಒಣಗಿದ್ದಾಗ ಬರುವ ಒರಟು ಗೆರೆಯೇ ಸರಿ. ಪಕ್ಕದ ರದ್ದಿ ಕಾಗದಕ್ಕೆ ಎರಡು ಸಲ ಒರೆಸಿ ಆಮೇಲೆ ಎಳೆಯಿರಿ, ಕೂದಲು ತಾನಾಗಿ ಬಿಡಿಬಿಡಿಯಾಗಿ ಏಳುತ್ತದೆ. ಇನ್ನೊಂದು ಕೆನ್ನೆಯ ಚೀಲ. ಸಿಕ್ಕಿದ್ದನ್ನು ಮೊದಲು ಕೆನ್ನೆಗೆ ತುರುಕಿ, ಆಮೇಲೆ ದೂರ ಹೋಗಿ ತಿನ್ನುವುದು ಅದರ ಅಭ್ಯಾಸ. ಎರಡೂ ಕಡೆ ಒಂದೇ ಸಮ ಉಬ್ಬುವುದಿಲ್ಲ. ಒಂದು ಕೆನ್ನೆ ಹಲ್ಲುನೋವು ಬಂದವರ ಹಾಗೆ ಊದಿ, ಇನ್ನೊಂದು ಸಪ್ಪಟೆ ಇದ್ದಾಗ ಆ ಗಂಭೀರ ಕಣ್ಣುಗಳ ಜೊತೆ ಅದು ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಬೇರೆ ಏನನ್ನೂ ಉತ್ಪ್ರೇಕ್ಷೆ ಮಾಡಬೇಕಿಲ್ಲ.

ಹಲ್ಲು ಕಿರಿದ ಮಂಗವನ್ನು ನಗುವ ಮಂಗವಾಗಿ ಬರೆಯುವುದು ಬಹಳ ಹಳೆಯ ತಪ್ಪು. ತುಟಿ ಹಿಂದಕ್ಕೆಳೆದು ಹಲ್ಲು ತೋರಿಸಿದರೆ ಅದು ಹೆದರಿದೆ, ತಗ್ಗಿದೆ ಎಂದರ್ಥ. ಬಾಯಿ ತೆರೆದು ನೆಟ್ಟ ನೋಟ ನೋಡಿದರೆ ಬೆದರಿಸುತ್ತಿದೆ. ಆ ಎರಡನೆಯದು ಕಂಡರೆ ಪುಸ್ತಕ ಮುಚ್ಚಿ, ಕಣ್ಣಲ್ಲಿ ಕಣ್ಣಿಡದೆ ಹಿಂದೆ ಸರಿಯಿರಿ. ಹೆದರಿದ ಪ್ರಾಣಿಯ ಮುಖದ ಮೇಲೆ ನಗು ಅಂಟಿಸುವುದು ಚಿತ್ರಕ್ಕೂ ಮಂಗಕ್ಕೂ ಅನ್ಯಾಯ. ನಗು ಇರುವುದು ಅದರ ಕೆಲಸದಲ್ಲಿ, ಅದು ಆ ಕೆಲಸಕ್ಕೆ ಕೊಡುವ ಗಮನದಲ್ಲಿ.

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ ಒಬ್ಬಳ ಉಡುಗೆಯನ್ನು ಕೋತಿಯೊಂದು ಹಿಡಿದು ಜಗ್ಗುತ್ತಿದೆ. ಶಿಲ್ಪಿ ನಗುವನ್ನು ಕೋತಿಯ ಮುಖದಲ್ಲಿ ಇಟ್ಟಿಲ್ಲ, ಬಟ್ಟೆಯ ಎಳೆತದಲ್ಲಿ ಇಟ್ಟಿದ್ದಾನೆ. ಇನ್ನೊಂದು ಕಡೆ ಮದನಿಕೆಯ ತಲೆಯ ಮೇಲಿನ ಚಪ್ಪರದಲ್ಲಿ ಹಣ್ಣಿನ ಮೇಲೆ ಕೂತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ. ಆಗಷ್ಟೇ ಗಣಿಯಿಂದ ತೆಗೆದ ಬಳಪದ ಕಲ್ಲು ಮೆದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸಣ್ಣ ಹಲ್ಲಿಯೂ ಸಾಧ್ಯವಾಯಿತು. ಈ ಮದನಿಕೆಯರನ್ನು ಬ್ರಶ್ ಪೆನ್ನಿನಲ್ಲಿ ನಕಲು ಮಾಡಿ ನೋಡಿ. ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿರುವುದರಿಂದ ಕತ್ತೆತ್ತಿಯೇ ನೋಡಬೇಕು, ಚಿಕ್ಕ ಬೈನಾಕ್ಯುಲರ್ ಇದ್ದರೆ ಕತ್ತು ಉಳಿಯುತ್ತದೆ. ಒಡವೆಯ ಗೊಂಚಲಿಗೆ ಕೈ ಹಾಕಬೇಡಿ. ಬಟ್ಟೆ ಎಳೆಯುವ ಒಂದು ಗೆರೆ, ಮೈ ತಿರುಚಿದ ಒಂದು ಗೆರೆ, ಕೋತಿಯ ಬೆನ್ನಿನ ಒಂದು ಗೆರೆ ಸಾಕು. ಇಂಥ ಹತ್ತು ಹಾಳೆ ಮುಗಿದ ಮೇಲೆ ಗಿರಿಗೆ ಹೋದರೆ ಕೈ ತಾನಾಗಿ ಓಡುತ್ತದೆ.

ಗಿರಿಗೆ ಹೋಗುವಾಗಲೇ ಈ ಪೆನ್ನಿನ ಮೊದಲ ತಕರಾರು. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಷ್ಟು ಏರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಕಾರ್ಟ್ರಿಡ್ಜಿನೊಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಕುಂಚದ ಕಡೆಗೆ ತಳ್ಳುತ್ತದೆ. ಮೇಲೆ ಹೋಗಿ ಮುಚ್ಚಳ ತೆಗೆದರೆ ಒಳಗೆಲ್ಲ ಶಾಯಿ, ಬೆರಳು ಕಪ್ಪು. ಅರ್ಧ ಖಾಲಿಯಾದ ಕಾರ್ಟ್ರಿಡ್ಜಿನಲ್ಲಿ ಗಾಳಿ ಹೆಚ್ಚು, ಸೋರಿಕೆಯೂ ಹೆಚ್ಚು. ಆದ್ದರಿಂದ ಘಾಟಿ ಏರುವ ದಿನ ತುಂಬಿದ ಕಾರ್ಟ್ರಿಡ್ಜ್ ಹಾಕಿಕೊಳ್ಳಿ, ಪೆನ್ನನ್ನು ಅಂಗಿಯ ಜೇಬಿನಲ್ಲಿ ಕುಂಚ ಮೇಲೆ ಮಾಡಿ ನೆಟ್ಟಗೆ ಇಡಿ, ತಲುಪಿದ ಮೇಲೂ ಹಾಗೇ ನೆಟ್ಟಗೆ ಹಿಡಿದು ಮುಚ್ಚಳ ತೆಗೆಯಿರಿ, ಮೊದಲು ಹಳೆ ಬಟ್ಟೆಗೆ ಒತ್ತಿ. ಬ್ಯಾಗಿನ ತಳದಲ್ಲಿ ಅಡ್ಡ ಬಿದ್ದ ಪೆನ್ ಸೋರದೆ ಇರುವುದು ಅದೃಷ್ಟ ಅಷ್ಟೇ.

ಎರಡನೆಯ ತಕರಾರು ಮುಚ್ಚಳದ್ದೇ. ಮಂಗ ಹತ್ತಿರ ಬಂತೆಂದು ಗಡಿಬಿಡಿಯಲ್ಲಿ ಮುಚ್ಚಿದರೆ ಒಂದೆರಡು ಕೂದಲು ಮುಚ್ಚಳದ ಅಂಚಿಗೆ ಸಿಕ್ಕಿ ಮಡಚುತ್ತವೆ. ಆಮೇಲೆ ಪ್ರತಿ ಗೆರೆಯ ಪಕ್ಕದಲ್ಲೂ ಇನ್ನೊಂದು ಪುಟ್ಟ ಗೆರೆ, ಬೇಡವೆಂದರೂ. ಕುಂಚವನ್ನು ಆಕಾಶಕ್ಕೆ ಮಾಡಿ, ಮುಚ್ಚಳವನ್ನು ಮೇಲಿನಿಂದ ನೇರ ಇಳಿಸಿದರೆ ಹೀಗಾಗುವುದಿಲ್ಲ. ಆಗಲೇ ಮಡಚಿದ್ದರೆ, ಕುಂಚದ ತುದಿಯನ್ನು ಬಿಸಿನೀರಿನಲ್ಲಿ ಕೆಲವೇ ಸೆಕೆಂಡ್ ಅದ್ದಿ, ಬಟ್ಟೆಯಲ್ಲಿ ಮೊನೆ ಮಾಡಿ ಒಣಗಿಸಿ. ನೈಲಾನ್ ಆದ್ದರಿಂದ ಬಿಸಿಗೆ ಸಡಿಲಗೊಂಡು ಮತ್ತೆ ನೇರವಾಗುತ್ತದೆ. ಹಾಗೂ ಏಳದ ಒಂಟಿ ಕೂದಲಿದ್ದರೆ ಬುಡದಲ್ಲಿ ಕತ್ತರಿಸಿ. ಎಳೆಯಲು ಹೋದರೆ ಪಕ್ಕದವೂ ಸಡಿಲವಾಗುತ್ತವೆ.

ಮಳೆಗಾಲ ಬೇರೆಯದೇ ಲೆಕ್ಕ. ಬೇಸಿಗೆಯಲ್ಲಿ ಹಾಸನದ ಬಿಸಿಲಿಗೆ ಈ ಶಾಯಿ ಒಂದು ನಿಮಿಷದೊಳಗೆ ಕೈಗೆ ಅಂಟದಷ್ಟು ಒಣಗುತ್ತದೆ. ಜುಲೈಯಲ್ಲಿ, ಮೂಡಿಗೆರೆ ಕಡೆಯ ಮನೆಯ ಜಗಲಿಯಲ್ಲಿ ಕೂತು ಬರೆದರೆ ಐದು ನಿಮಿಷವಾದರೂ ದಪ್ಪ ಗೆರೆಯ ನಡುಭಾಗ ಹಸಿಯೇ ಇರುತ್ತದೆ. ಪಿಗ್ಮೆಂಟ್ ಕಾಗದದೊಳಗೆ ಇಳಿಯದೆ ಮೇಲೇ ಕೂರುವುದು, ಗಾಳಿಯಲ್ಲಿ ನೀರು ತುಂಬಿರುವುದು, ಎರಡೂ ಸೇರಿ ಹೀಗಾಗುತ್ತದೆ. ಹಾಳೆ ತಿರುಗಿಸಿದಿರೋ, ಎದುರು ಪುಟದಲ್ಲಿ ಇನ್ನೊಂದು ಮಂಗ. ನಡುವೆ ಒಂದು ಬಟರ್ ಪೇಪರ್ ತುಂಡು ಇಟ್ಟುಕೊಳ್ಳಿ, ಆದರೆ ಒತ್ತಬೇಡಿ. ಒಣಗಿತೋ ಇಲ್ಲವೋ ಎಂದು ತಿಳಿಯಲು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ: ಹೊಳೆಯುತ್ತಿದ್ದರೆ ಹಸಿ, ಮಂಕಾಗಿದ್ದರೆ ಒಣಗಿದೆ.

ಕಾಗದದ ಆಯ್ಕೆಯಲ್ಲಿ ಹಣ ಸುಮ್ಮನೆ ಹಾಳಾಗುವುದುಂಟು. ದಪ್ಪ ಇದ್ದಷ್ಟೂ ಒಳ್ಳೆಯದೆಂದು 300 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಒರಟು ಜಲವರ್ಣದ ಹಾಳೆ ಕೊಳ್ಳುತ್ತಾರೆ. ಓಡುವ ಗೆರೆಗೆ ಅದು ಬ್ರೇಕ್ ಹಾಕಿದಂತೆ, ಬೆನ್ನಿನ ಬಾಗು ತುಂಡುತುಂಡಾಗುತ್ತದೆ. 75 ಜಿಎಸ್ಎಂನ ಜೆರಾಕ್ಸ್ ಹಾಳೆಯಲ್ಲಿ ಗೆರೆ ಓಡುತ್ತದೆ, ಆದರೆ ಹಿಂದಕ್ಕೆ ಇಳಿಯುತ್ತದೆ, ನೀರು ತಾಗಿದರೆ ಸುಕ್ಕು. ನಡುವಿನ 160ರಿಂದ 200 ಜಿಎಸ್ಎಂ, ನುಣುಪು ಮೈಯ, ಎ5 ಅಳತೆಯ ಗಟ್ಟಿ ರಟ್ಟಿನ ಪುಸ್ತಕವೇ ಈ ಕೆಲಸಕ್ಕೆ ಸರಿ. ಒಂದು ಕೈಯಲ್ಲಿ ಹಿಡಿದು ನಿಂತೇ ಬರೆಯಬಹುದು. ಕೈಕಾಗದ ಚೆಂದ, ಆದರೆ ಶಾಯಿ ಹೀರದಂತೆ ಕಾಗದಕ್ಕೆ ಹಾಕುವ ಅಂಟು ಕಡಿಮೆ ಇರುವ ಹಾಳೆಯಲ್ಲಿ ಶಾಯಿ ಅಂಚಿನಲ್ಲಿ ಬೇರು ಬಿಟ್ಟಂತೆ ಹರಡುತ್ತದೆ.

ಒಳ್ಳೆಯ ಹಾಳೆಯೂ ಮಲೆನಾಡಿನ ಬೀರುವಿನಲ್ಲಿ ಎರಡು ಮಳೆಗಾಲ ಕಳೆದರೆ ಕೆಡಬಹುದು. ತೇವಕ್ಕೆ ಮೇಲಿನ ಅಂಟು ಅಲ್ಲಲ್ಲಿ ಸಾಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ಹಾಯಿಸಿದಾಗ ಮಾತ್ರ ಅಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಬೂಷ್ಟು ಹಿಡಿದರೆ ಕಂದು ಚುಕ್ಕೆ ಬೇರೆ. ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಪುಟ ಬಿಡಿಸಿ ಗಾಳಿಗೆ ಹಾಕಿ. ಒಂದು ವರ್ಷಕ್ಕೆ ಬೇಕಾದಷ್ಟೇ ಕೊಳ್ಳುವುದು ಇನ್ನೂ ಜಾಣತನ.

ಈ ಪೆನ್ನಿನಲ್ಲಿ ಇಲ್ಲದ್ದು ಬೂದು ಬಣ್ಣ. ಅದಕ್ಕೆ ಜೊತೆಗೊಂದು ವಾಟರ್ ಬ್ರಶ್, ಅಂದರೆ ಹಿಡಿಯೊಳಗೇ ನೀರು ತುಂಬುವ ಕುಂಚ ಬೇಕು. ಹೊಟ್ಟೆಯಲ್ಲಿ ಸುಮಾರು 5 ಮಿಲಿ ನೀರು, ಅದಕ್ಕೆ ಪಿಗ್ಮೆಂಟ್ ಶಾಯಿಯ ಎರಡು ಮೂರು ಹನಿ. ಬರೆಯುವ ಮುಂಚೆ ಅಲುಗಾಡಿಸಬೇಕು, ಇಲ್ಲದಿದ್ದರೆ ಕಪ್ಪು ತಳದಲ್ಲಿ ಕೂತು ಮೊದಲು ಬರೀ ನೀರು ಬರುತ್ತದೆ. ವಾರಕ್ಕೊಮ್ಮೆ ತೊಳೆಯದಿದ್ದರೆ ಒಳಗಿನ ದಾರಿ ಕಟ್ಟಿಕೊಳ್ಳುತ್ತದೆ. ಹೊಟ್ಟೆಯ ಕೆಳಗೆ, ಬಾಲದ ನೆರಳಿಗೆ, ಕೂತ ಕಲ್ಲಿಗೆ ಒಂದೊಂದು ಬಳಿತ ಸಾಕು. ಇದಕ್ಕಿಂತ ಹೆಚ್ಚು ಹಾಕಿದರೆ ಗೆರೆಯ ಚುರುಕು ಸಾಯುತ್ತದೆ.

ಕಪ್ಪು ತುಂಬಿದ ಪ್ರಾಣಿಗಳಿಗೆ ಈ ಪೆನ್ ಹೇಳಿ ಮಾಡಿಸಿದ್ದು. ಕಾಟಿಯನ್ನೇ ನೋಡಿ. ಕಾಫಿ ಗಿಡಗಳ ಸಾಲಿನ ಮೇಲೆ ಗುಡ್ಡದಂಥ ಬೆನ್ನು, ಕೆಳಗೆ ಇಸ್ಕೂಲ್ ಹುಡುಗರ ಬಿಳಿ ಕಾಲುಚೀಲ ಹಾಕಿಕೊಂಡಂಥ ನಾಲ್ಕು ಕಾಲು. ಕುಂಚವನ್ನು ಅಡ್ಡ ಮಲಗಿಸಿ ಬೆನ್ನು, ಹೊಟ್ಟೆ ತುಂಬಿ. ಮಂಡಿಯ ಕೆಳಗೆ ಹಾಳೆಯನ್ನು ಹಾಗೇ ಬಿಡಿ, ಗೊರಸಿಗೆ ಒಂದೊಂದು ಚುಕ್ಕೆ. ಬಿಳಿಯನ್ನು ಬರೆಯುವುದಲ್ಲ, ಬಿಡುವುದು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಾಗೆಯನ್ನು ಎಷ್ಟು ಬರೆದರೂ ದಣಿಯಲಿಲ್ಲ. ಕಪ್ಪು ಮುದ್ದೆಗೆ ಕತ್ತು ವಾಲಿಸಿದ ಒಂದು ಕೊಂಕು ಕೊಟ್ಟರೆ ಅದಕ್ಕೆ ಜೀವ ಬರುತ್ತದೆ ಎಂಬುದನ್ನು ಕಿಟಕಿಯ ಕಾಗೆಯಲ್ಲೇ ದಿನಾ ಅಭ್ಯಾಸ ಮಾಡಬಹುದು. ಕೆಂಜಳಿಲಿಗೆ ಮಾತ್ರ ಈ ಪೆನ್ ಅರ್ಧ ನ್ಯಾಯ ಕೊಡುತ್ತದೆ. ಹಿಂಗಾಲಿನಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ನೇತಾಡುತ್ತ, ಎರಡೂ ಕೈಯಲ್ಲಿ ಹಣ್ಣು ತಿರುಗಿಸಿ ತಿನ್ನುವ ಭಂಗಿ ಸಿಗುತ್ತದೆ, ಆ ಕೆಂಪು ಸಿಗುವುದಿಲ್ಲ. ಅದಕ್ಕೆ ಆಮೇಲೆ ಮನೆಯಲ್ಲಿ ಜಲವರ್ಣ ಹಾಕಬೇಕು.

ಕಾಟಿಯನ್ನು ವಾಹನದೊಳಗಿಂದಲೇ ಬರೆಯಿರಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ಸುದ್ದಿಯಿದ್ದರೆ ಪುಸ್ತಕ ತೆಗೆಯುವುದೇ ಬೇಡ, ಅಲ್ಲಿ ಯಾವ ಚಿತ್ರವೂ ಆ ಬೆಲೆಗೆ ತಕ್ಕುದಲ್ಲ. ಮಂಗ ಕೂರಲಿ ಎಂದು ಬಿಸ್ಕೆಟ್ ಎಸೆಯುವವರಿದ್ದಾರೆ. ಹಾಗೆ ಮಾಡಿದರೆ ಸಿಗುವುದು ಕೈ ಚಾಚಿದ ಒಂದೇ ಭಂಗಿ, ಮುಂದೆ ಬರುವವರಿಗೆ ಸಿಗುವುದು ಕಸಿಯುವ ಮಂಗ. ತಿಂಡಿ, ಸರಸರ ಎನ್ನುವ ಪ್ಲಾಸ್ಟಿಕ್ ಕವರ್ ಎರಡನ್ನೂ ಗಾಡಿಯೊಳಗೆ ಬಿಟ್ಟು ಬನ್ನಿ. ಮಳೆಗಾಲದಲ್ಲಿ ಇಂಬಳ ಇರುತ್ತದೆ, ಅದು ಕಿರಿಕಿರಿ ಅಷ್ಟೇ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ತರಗೆಲೆಯ ಮೇಲೆ ಕೂತು ಬರೆಯಬೇಡಿ. ಮಂಗನ ಕಾಯಿಲೆ ಹರಡುವ ಉಣುಗು ಇರುವ ಕಾಲ ಅದು. ಮಡಚುವ ಸ್ಟೂಲ್ ಒಯ್ಯಿರಿ ಅಥವಾ ನಿಂತೇ ಬರೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೊಳ್ಳಬೇಕೆ? ವಾರಕ್ಕೆರಡು ಸಲವಾದರೂ ಹೊರಗೆ ನಿಂತು ಬರೆಯುವವರಾದರೆ ಕಣ್ಣು ಮುಚ್ಚಿ ಕೊಳ್ಳಿ. ಸಾಮಾನ್ಯ ಸ್ಕೆಚ್ ಪೆನ್ನಿನ ಹಲವು ಪಟ್ಟು ಬೆಲೆಯಾದರೂ ಕುಂಚ ವರ್ಷಗಟ್ಟಲೆ ಬಾಳುತ್ತದೆ, ಬದಲಾಯಿಸುವುದು ಕಾರ್ಟ್ರಿಡ್ಜ್ ಮಾತ್ರ. ಗೆರೆಯ ಮೇಲೆ ಇನ್ನೂ ಹಿಡಿತ ಬರದ ಮಕ್ಕಳಿಗೆ ಇದು ಬೇಡ. ಚೂರು ಒತ್ತಿದರೂ ಗೆರೆ ದಪ್ಪಗಾಗಿ ಬೇಸರ ಬರುತ್ತದೆ. ಅವರಿಗೆ ಟೋಂಬೋ ಕಂಪನಿಯ ಫ್ಯೂಡೆನೊಸುಕೆ ಬ್ರಶ್ ಪೆನ್ನಿನಲ್ಲಿ ಗಟ್ಟಿ ತುದಿಯದು ಕೊಡಿಸಿ, ಅದು ಕೈಯನ್ನು ತಿದ್ದುತ್ತದೆ. ತಿಂಗಳಿಗೊಮ್ಮೆ ಬರೆಯುವವರಿಗೂ ಬೇಡ. ಬಿಟ್ಟ ಪೆನ್ನಿನ ಬುಡದಲ್ಲಿ ಪಿಗ್ಮೆಂಟ್ ಒಣಗಿ ಕಟ್ಟಿಕೊಂಡರೆ ಕಾರ್ಟ್ರಿಡ್ಜ್ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿಡುವ ಕೆಲಸ ಬೀಳುತ್ತದೆ.

ಎಫ್‌ಪಿ10 ನಮ್ಮ ಕಡೆಯ ಬುಕ್ ಸ್ಟಾಲ್‌ಗಳಲ್ಲಿ ಸಿಗುವುದು ಅಪರೂಪ, ಆನ್‌ಲೈನಿನಲ್ಲಿ ಅಥವಾ ಬೆಂಗಳೂರಿನ ಚಿತ್ರಕಲಾ ಸಾಮಗ್ರಿ ಅಂಗಡಿಗಳಲ್ಲಿ ತರಿಸಬೇಕು. ಪೆನ್ನಿನ ಜೊತೆಗೇ ಎರಡು ಪ್ಯಾಕ್ ತರಿಸಿಡಿ. ಖಾಲಿ ಕಾರ್ಟ್ರಿಡ್ಜನ್ನು ಸೂಜಿಯಿಲ್ಲದ ಸಿರಿಂಜಿನಿಂದ ಮತ್ತೆ ತುಂಬಬಹುದು, ಆದರೆ ಫೌಂಟನ್ ಪೆನ್ನಿಗೆ ಹಾಕಬಹುದಾದ ಪಿಗ್ಮೆಂಟ್ ಶಾಯಿ ಮಾತ್ರ, ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್‌ನಂಥದ್ದು. ಬಾಟಲಿಯಲ್ಲಿ ಬರುವ ಅರಗು ಬೆರೆತ ಇಂಡಿಯನ್ ಇಂಕ್ ಹಾಕಿದರೆ ಒಂದೇ ವಾರದಲ್ಲಿ ಕುಂಚ ಕಲ್ಲಾಗುತ್ತದೆ, ಆಮೇಲೆ ಯಾವ ಬಿಸಿನೀರೂ ಅದನ್ನು ಉಳಿಸುವುದಿಲ್ಲ.